ಘಟ್ಟ ಇಳಿದ ಕುಟುಂಬಕ್ಕೆ ಕಾರವಾರದಲ್ಲೊಂದು ಮನೆ: ಪ್ರಕರಣ ಅಧ್ಯಯನ

ಶಿರಸಿಯಿಂದ ಕಾರವಾರಕ್ಕೆ ಮನೆ ಬದಲಿಸಿದರೆ ಜಿಲ್ಲೆಯೇನೂ ಬದಲಾಗುವುದಿಲ್ಲ. ಕುಡಿಯುವ ನೀರು, ಬೀಸುವ ಗಾಳಿ, ಅಕ್ಕಪಕ್ಕದವರ ಮಾತು, ಗೋಡೆಗೆ ಮಳೆ ಹೊಡೆಯುವ ರೀತಿ, ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಮಾತ್ರ ಬೇರೆಯಾಗುತ್ತದೆ. ಹೀಗೆ ಘಟ್ಟ ಇಳಿಯಬೇಕಾದ ಒಂದು ಕುಟುಂಬ ಎಲ್ಲಿ ಇರಬೇಕೆಂದು ತೀರ್ಮಾನಿಸಿದ ಬಗೆಯನ್ನು ಇಲ್ಲಿ ಬಿಡಿಸಿಟ್ಟಿದೆ. ಕುಟುಂಬ ಮಾದರಿಗಾಗಿ ಕಟ್ಟಿಕೊಂಡದ್ದು. ಬಾಡಿಗೆ, ಖರ್ಚು, ಅಳತೆಯ ಅಂಕಿಗಳು ಆ ಮಾದರಿಗೆ ಸೇರಿದವು. ಊರು, ರಸ್ತೆ, ಸೇತುವೆ, ನಿಯಮಗಳು ಇದ್ದದ್ದು ಇದ್ದ ಹಾಗೆ.

ಮನೆಯಲ್ಲಿ ಐದು ಜನ. ಸೊಸೆ ಸ್ಟಾಫ್ ನರ್ಸ್, ಕಾರವಾರದ ಸರ್ಕಾರಿ ಆಸ್ಪತ್ರೆಗೆ ವರ್ಗ. ಪಾಳಿ ಮೂರು: ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಮರುಬೆಳಿಗ್ಗೆ 8. ಗಂಡ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಅರಗಾದ ನೌಕಾನೆಲೆಯೊಳಗೆ ಕೆಲಸ ಹಿಡಿದ ಗುತ್ತಿಗೆದಾರರ ಬಳಿ ಫೆಬ್ರುವರಿಯಲ್ಲೇ ಸೇರಿ, ಕಾರವಾರದಲ್ಲಿ ಒಂದು ಕೋಣೆ ಹಿಡಿದಿದ್ದರು. ಬೆಳಿಗ್ಗೆ 8ಕ್ಕೆ ಗೇಟಿನಲ್ಲಿ ಪಾಸ್ ತೋರಿಸಬೇಕು. ಅಜ್ಜಿಗೆ 72, ಸಕ್ಕರೆ ಕಾಯಿಲೆ, ಮಂಡಿ ನೋವು, ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದು. ಮಗ ಪ್ರಥಮ ಪಿಯು ವಿಜ್ಞಾನ ಮುಗಿಸುತ್ತಿದ್ದ. ಮಗಳು ಜೂನ್‌ನಲ್ಲಿ 4ನೆಯ ತರಗತಿಗೆ, ಕನ್ನಡ ಮಾಧ್ಯಮ.

ಮೊದಲ ಪಟ್ಟಿಯ ದೋಷ

ಅವರು ಮೊದಲು ಬರೆದುಕೊಂಡದ್ದು: ಎರಡು ಬೆಡ್‌ರೂಮಿನ ಬಿಡಿ ಮನೆ, ಅಂಗಳ, ಬಾವಿ, ತುಳಸಿಕಟ್ಟೆಗೆ ಜಾಗ, ಸುತ್ತಮುತ್ತ ಮೀನಿನ ವಾಸನೆ ಇರಬಾರದು, ಬಾಡಿಗೆ 14,000 ರೂಪಾಯಿ ಒಳಗೆ. ಶಿರಸಿಯ ಮನೆಯನ್ನೇ ಸಮುದ್ರದ ದಂಡೆಯಲ್ಲಿ ಹುಡುಕುವ ಪಟ್ಟಿ ಇದು. ಬೈತಖೋಲದ ಮೀನುಗಾರಿಕೆ ಬಂದರಿನ ಪಕ್ಕ ಬೇಡ ಎಂದರೆ ಒಪ್ಪಬಹುದು. ಪಕ್ಕದ ಮನೆಯ ಒಗ್ಗರಣೆಗೂ ಮೂಗು ಮುಚ್ಚುವವರಿಗೆ ಕಾರವಾರದಲ್ಲಿ ಯಾವ ಬೀದಿಯೂ ಒಗ್ಗದು. ಆ ಷರತ್ತನ್ನು ಅವರಾಗಿಯೇ ಹೊಡೆದುಹಾಕಿದರು.

ಇದಕ್ಕಿಂತ ದೊಡ್ಡ ದೋಷ ಬೇರೆ ಇತ್ತು. ಪಟ್ಟಿಯಲ್ಲಿ ಮನೆ ಹೇಗಿರಬೇಕು ಎಂಬುದಿತ್ತು. ಮನೆಯವರ ದಿನ ಹೇಗಿರುತ್ತದೆ ಎಂಬುದು ಇರಲಿಲ್ಲ. ಹಾಗಾಗಿ ಎರಡನೆಯ ಹಾಳೆಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ನಾಲ್ಕು ವಿಷಯ ಬರೆಯಬೇಕಾಯಿತು: ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ, ಒಬ್ಬರೇ ಹೋಗುತ್ತಾರೋ ಜೊತೆ ಬೇಕೋ, ಒಂದು ದಿನ ತಲುಪದೇ ಹೋದರೆ ಏನಾಗುತ್ತದೆ.

ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಮಗಳು ಒಂದು ದಿನ ಶಾಲೆಗೆ ಹೋಗದಿದ್ದರೆ ರಜೆ, ಮುಗಿಯಿತು. ಗಂಡ ಹೋಗದಿದ್ದರೆ ಒಂದು ದಿನದ ಸಂಬಳ ಹೋಗುತ್ತದೆ. ನರ್ಸ್ ರಾತ್ರಿ 8ಕ್ಕೆ ಬಾರದಿದ್ದರೆ ಅಲ್ಲಿರುವ ನರ್ಸ್ ವಾರ್ಡ್ ಬಿಟ್ಟು ಹೊರಡುವಂತಿಲ್ಲ. ಅಜ್ಜಿಗೆ ಎದೆನೋವು ಬಂದ ರಾತ್ರಿ ಆಸ್ಪತ್ರೆ ತಲುಪದಿದ್ದರೆ ಏನಾಗುತ್ತದೆಂದು ಬರೆಯಬೇಕಾಗಿಲ್ಲ. ಹೀಗೆ ನೋಡಿದಾಗ ಮೊದಲ ಸ್ಥಾನ ಅಜ್ಜಿಯ ಆಸ್ಪತ್ರೆಗೆ, ಎರಡನೆಯದು ಸೊಸೆಯ ಪಾಳಿಗೆ, ಮೂರನೆಯದು ಗಂಡನ ಗೇಟಿಗೆ, ನಾಲ್ಕನೆಯದು ಶಾಲೆಗೆ ಬಂತು. ಅದುವರೆಗೆ ಮನೆಯಲ್ಲಿ ನಡೆದ ಮಾತೆಲ್ಲ ‘ಅರಗಾಕ್ಕೆ ಹತ್ತಿರ ಎಲ್ಲಿ ಸಿಗುತ್ತದೆ’ ಎಂಬುದರ ಸುತ್ತಲೇ ಇತ್ತು.

ಕಿಲೋಮೀಟರ್ ಬಿಟ್ಟು ದಾಟು ಎಣಿಸುವುದು

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಉತ್ತರಕ್ಕೆ ಕಾಳಿ ಹೊಳೆ. ಊರೂರಿಗೂ ಹೋಗುವ ರಸ್ತೆ ಬಹುಮಟ್ಟಿಗೆ ಒಂದೇ, ರಾಷ್ಟ್ರೀಯ ಹೆದ್ದಾರಿ 66. ಇಂಥ ಕಡೆ ಹತ್ತು ಕಿಲೋಮೀಟರ್ ಎಂಬುದು ಡಿಸೆಂಬರ್‌ನಲ್ಲಿ ಇಪ್ಪತ್ತು ನಿಮಿಷ. ಜುಲೈನಲ್ಲಿ ಅದು ಎಷ್ಟು ಹೊತ್ತಾದರೂ ಆಗಬಹುದು. ಆದ್ದರಿಂದ ದೂರಕ್ಕಿಂತ ಮೊದಲು ಎಣಿಸಬೇಕಾದದ್ದು ದಾಟುಗಳನ್ನು. ಮುಚ್ಚಿಹೋದರೆ ಹತ್ತಿರದ ಬೇರೆ ದಾರಿ ಇಲ್ಲದಂಥ ಜಾಗವೇ ದಾಟು: ಸೇತುವೆ, ಸುರಂಗ, ನೀರು ನಿಲ್ಲುವ ತಗ್ಗು, ಕುಸಿಯುವ ಗುಡ್ಡದ ಬುಡ.

ಈ ಕುಟುಂಬದ ಲೆಕ್ಕಕ್ಕೆ ಬಂದ ದಾಟುಗಳು ಮೂರು. ಮೊದಲನೆಯದು ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ಸೇತುವೆ. 2024ರ ಆಗಸ್ಟ್ 7ರ ನಸುಕಿಗೆ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು, ಚಾಲಕ ಬದುಕುಳಿದರು. ಆಮೇಲೆ ಎರಡೂ ದಿಕ್ಕಿನ ವಾಹನಗಳ ಭಾರ ಪಕ್ಕದ ಹೊಸ ಸೇತುವೆಯ ಮೇಲೇ ಬಿತ್ತು. ಎರಡನೆಯದು ಬೈತಖೋಲ ಮತ್ತು ಬಿಣಗಾ ನಡುವಿನ ಹೆದ್ದಾರಿ ಸುರಂಗ. ಅದು ಮುಚ್ಚಿದರೆ ಗುಡ್ಡ ಸುತ್ತುವ ಹಳೆಯ ರಸ್ತೆಯೇ ಗತಿ. ತಡವಾಗುತ್ತದೆ, ಆದರೆ ಸಂಚಾರ ಪೂರ್ತಿ ನಿಲ್ಲುವುದಿಲ್ಲ, ಹಾಗಾಗಿ ಅದನ್ನು ಅರ್ಧ ದಾಟು ಎಂದು ಹಿಡಿದರು. ಮೂರನೆಯದು ಅರಗಾ, ಚೆಂಡಿಯಾ ಭಾಗ. ಗುಡ್ಡದಿಂದ ಇಳಿದ ನೀರು ಸಮುದ್ರ ಸೇರುವ ಮೊದಲೇ ತಡೆದು, ಜೋರು ಮಳೆಗೆ ಹೆದ್ದಾರಿಯ ಮೇಲೇ ನಿಂತ ವರ್ಷಗಳಿವೆ.

ಇವಲ್ಲದೆ ಊರಿನ ಹೊರಗೆ ಎರಡು ಕಡೆ ದಾರಿ ಕಡಿಯುತ್ತದೆ. 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹುಬ್ಬಳ್ಳಿ ದಾರಿ ಬಂದಾಗಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಕುಮಟಾ ಕಡೆಯ ಸಂಪರ್ಕ ಎಷ್ಟೋ ದಿನ ತಪ್ಪಿತು. ದಿನದ ಓಡಾಟಕ್ಕೆ ಇವು ಅಡ್ಡ ಬರುವುದಿಲ್ಲ. ಶಿರಸಿಯ ನೆಂಟರು, ಹುಬ್ಬಳ್ಳಿ ಅಥವಾ ಮಣಿಪಾಲದ ದೊಡ್ಡ ಆಸ್ಪತ್ರೆ ಎಂದಾಗ ಮಾತ್ರ ಬರುತ್ತವೆ.

ಪರಿಶೀಲಿಸಿದ ಊರುಕೇರಿಗಳು ಐದು: ಪೇಟೆಗೆ ಹೊಂದಿದ ಕಾಜುಬಾಗ, ಹೊಳೆಯಾಚೆಯ ಸದಾಶಿವಗಡ, ರೈಲು ನಿಲ್ದಾಣದ ಹತ್ತಿರದ ಶಿರವಾಡ, ನೌಕಾನೆಲೆಯ ದಕ್ಷಿಣಕ್ಕೆ ಅಮದಳ್ಳಿ, ಮತ್ತೆ ಅಂಕೋಲಾ.

ಅಂಕೋಲಾ ಬೇಗ ಬಿದ್ದುಹೋಯಿತು. ಊರು ಅಚ್ಚುಕಟ್ಟು, ಶಿರಸಿಗೂ ಹತ್ತಿರ. ಆದರೆ ಕಾರವಾರಕ್ಕೆ ಸುಮಾರು 35 ಕಿಲೋಮೀಟರ್. ರಾತ್ರಿ 8ಕ್ಕೆ ಪಾಳಿ ಬಿಟ್ಟ ಹೆಂಗಸು ಮನೆ ಸೇರುವಾಗ ಹತ್ತು ಗಂಟೆಯಾಗುತ್ತದೆ. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ನಿಜ. ಉಚಿತ ಟಿಕೆಟ್ಟು ರಾತ್ರಿ ಬಸ್ಸನ್ನು ಕರೆತರುವುದಿಲ್ಲ. ಅಮದಳ್ಳಿ ಗಂಡನಿಗೆ ಬಾಗಿಲಲ್ಲೇ ಕೆಲಸವಿದ್ದಂತೆ. ಸೊಸೆಗೂ ಅಜ್ಜಿಗೂ ಮಾತ್ರ ಅರಗಾದ ನೀರು, ಸುರಂಗ ಎರಡೂ ನಡುವೆ. ಶಿರವಾಡದಲ್ಲಿ ದಾಟು ಕಡಿಮೆ, ರೈಲಿಗೆ ಅನುಕೂಲ. ಆದರೆ ಈ ಮನೆಯಲ್ಲಿ ದಿನಾ ರೈಲು ಹತ್ತುವವರು ಯಾರೂ ಇಲ್ಲ. ತಿಂಗಳಿಗೊಮ್ಮೆ ಬೇಕಾಗುವ ಅನುಕೂಲಕ್ಕೆ ದಿನಾ ಪೇಟೆಗೆ ಆಟೊ ಹಿಡಿಯುವುದು ತಲೆಕೆಳಗಾದ ಲೆಕ್ಕ.

ಸದಾಶಿವಗಡದ ಆಸೆ

ನಿಜವಾದ ಜಗ್ಗಾಟ ನಡೆದದ್ದು ಕಾಜುಬಾಗಕ್ಕೂ ಸದಾಶಿವಗಡಕ್ಕೂ. ಸದಾಶಿವಗಡದಲ್ಲಿ ಸಿಕ್ಕದ್ದು ಚಿರೇಕಲ್ಲಿನ ಹೆಂಚಿನ ಮನೆ, ಐದು ತೆಂಗಿನಮರ, ಸಿಹಿನೀರಿನ ಬಾವಿ, ಬಾಡಿಗೆ 9,000. ಅಜ್ಜಿ ಅದನ್ನು ನೋಡಿ ಹಿಡಿದ ಪಟ್ಟು ಬಿಡಲಿಲ್ಲ. ಕಾಜುಬಾಗದ ಮನೆಗೆ 13,000. ತಿಂಗಳಿಗೆ 4,000 ಉಳಿತಾಯ ಎಂದು ಎಲ್ಲರಿಗೂ ಕಂಡಿತು. ಕಾಗದದ ಮೇಲೆ ಇಟ್ಟಾಗ ಕಂಡದ್ದು ಇದು.

ಗಂಡನ ಬೈಕ್: ಅರಗಾಕ್ಕೆ ಕಾಜುಬಾಗದಿಂದ ಸುಮಾರು 11 ಕಿಲೋಮೀಟರ್, ಸದಾಶಿವಗಡದಿಂದ ಸುಮಾರು 15. ಹೋಗಿಬರಲು ದಿನಕ್ಕೆ 8 ಕಿಲೋಮೀಟರ್ ಹೆಚ್ಚು, 26 ದಿನಕ್ಕೆ 208. ಲೀಟರಿಗೆ 45 ಕಿಲೋಮೀಟರ್ ಎಂದರೂ ನಾಲ್ಕೂವರೆ ಲೀಟರ್ ಪೆಟ್ರೋಲ್ ಮೇಲೆ, ಹತ್ತಿರಹತ್ತಿರ 500 ರೂಪಾಯಿ. ಸೊಸೆಗೆ ತಿಂಗಳಲ್ಲಿ ಹತ್ತು ಮಧ್ಯಾಹ್ನದ ಪಾಳಿ. ರಾತ್ರಿ 8ಕ್ಕೆ ಬಿಟ್ಟ ಮೇಲೆ ಹೊಳೆಯಾಚೆಗೆ ಆಟೊ 250ರಂತೆ 2,500. ಅಜ್ಜಿಯ ತಿಂಗಳ ತಪಾಸಣೆಗೆ ಹೋಗಿಬರಲು 500. ಒಟ್ಟು 3,500 ಹೋಯಿತು. ಉಳಿದದ್ದು 500. ಅಷ್ಟಕ್ಕೆ ಪ್ರತಿ ದಿನ, ಪ್ರತಿ ರಾತ್ರಿ ಒಂದೇ ಸೇತುವೆಯನ್ನು ನೆಚ್ಚಿಕೊಂಡಿರಬೇಕು.

ಒಂದು ಮಾತು ಸದಾಶಿವಗಡದ ಪರವಾಗಿಯೂ ಇದೆ, ಅದನ್ನು ಮುಚ್ಚಿಡಬಾರದು. ಹೃದಯದ ತುರ್ತು ಬಂದಾಗ ಮೊದಲು ಮುಟ್ಟುವುದು ಪೇಟೆಯ ವೈದ್ಯಕೀಯ ಕಾಲೇಜು ಆಸ್ಪತ್ರೆ. ಅಲ್ಲಿಂದ ಮುಂದೆ ಕಳಿಸಿದರೆ ಗೋವಾ, ಹುಬ್ಬಳ್ಳಿ ಇಲ್ಲವೇ ಮಣಿಪಾಲ. ಗೋವಾ ಕಡೆ ಹೋಗುವುದಾದರೆ ಪೇಟೆಯವರೂ ಕಾಳಿ ದಾಟಲೇಬೇಕು. ಸದಾಶಿವಗಡದವರು ಆಗಲೇ ಆಚೆ ದಡದಲ್ಲಿರುತ್ತಾರೆ. ಗೋವಾದಲ್ಲೇ ಚಿಕಿತ್ಸೆ ಪಡೆಯುತ್ತಿರುವ ರೋಗಿ ಮನೆಯಲ್ಲಿದ್ದರೆ ಲೆಕ್ಕ ಉಲ್ಟಾ ಆಗುತ್ತದೆ. ಈ ಅಜ್ಜಿಗೆ ಸ್ಟೆಂಟ್ ಹಾಕಿದ್ದು ಹುಬ್ಬಳ್ಳಿಯಲ್ಲಿ, ಕಡತವೂ ಅಲ್ಲೇ. ಮೊದಲ ಅರ್ಧ ಗಂಟೆಯಲ್ಲಿ ಇಸಿಜಿ ಆಗಬೇಕಾದದ್ದು ಕಾರವಾರದಲ್ಲಿ. ಅಲ್ಲಿಗೆ ಪೇಟೆಯ ಪಕ್ಷ ಗೆದ್ದಿತು.

ಒಂದೇ ಬೀದಿಯ ಎರಡು ಮನೆ

ಊರುಕೇರಿ ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕರಾವಳಿಯಲ್ಲಿ ಇಪ್ಪತ್ತು ಹೆಜ್ಜೆಗೆ ನೆಲ ಬದಲಾಗುತ್ತದೆ. ಕಾಜುಬಾಗದಲ್ಲಿ ಮಾರ್ಚ್‌ನಲ್ಲಿ ಎರಡು ಮನೆ ಸಿಕ್ಕವು. ಮೊದಲನೆಯದು ಹೊಚ್ಚಹೊಸ ಬಣ್ಣದ್ದು, ದೊಡ್ಡ ಹಾಲ್. ಎರಡನೆಯದು ಇಪ್ಪತ್ತು ವರ್ಷ ಹಳೆಯದು, ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿ ಶೀಟ್ ಹೊದಿಸಿದ್ದು. ನೋಡಲು ಚೆಂದವಿಲ್ಲ.

ಮೊದಲ ಮನೆಯ ಗೋಡೆಯಲ್ಲಿ ಬಣ್ಣ ನೆಲದಿಂದ ಎರಡಡಿಯವರೆಗೆ ಮಾತ್ರ ಹೊಸದು, ಮೇಲಿನದು ಹಳೆಯದು. ಕಣ್ಣಿಗೆ ಒಂದೇ ಬಿಳಿ. ಕಿಟಕಿ ಬೆಳಕು ಓರೆಯಾಗಿ ಬಿದ್ದಾಗ ನಡುವೆ ಗೆರೆ ಕಾಣುತ್ತದೆ. ಕೆಳಭಾಗಕ್ಕಷ್ಟೇ ಬಣ್ಣ ಬಳಿದಿದ್ದರೆ ಎರಡೇ ಕಾರಣ: ಅಡಿಪಾಯದಿಂದ ತೇವ ಏರುತ್ತಿದೆ, ಇಲ್ಲವೇ ಒಮ್ಮೆ ನೀರು ಒಳಗೆ ನಿಂತಿದೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಒಳಗೆ ಟೊಳ್ಳು ಸದ್ದು. ಗಾರೆ ಇಟ್ಟಿಗೆಯನ್ನು ಬಿಟ್ಟಿದೆ. ಬಾಗಿಲ ಚೌಕಟ್ಟಿನ ಬುಡ ಉಗುರಿಗೆ ಮೆತ್ತಗಿತ್ತು. ಕಿಟಕಿ ಸರಳುಗಳ ಮೇಲ್ತುದಿ ಗಟ್ಟಿ, ಕೆಳತುದಿ ಪದರಪದರ. ಸಮುದ್ರದ ಉಪ್ಪುಗಾಳಿಗೆ ಸರಳು ಉದ್ದಕ್ಕೂ ತುಕ್ಕು ಹಿಡಿಯುತ್ತದೆ. ಬುಡ ಮಾತ್ರ ತಿಂದುಹೋಗಿದ್ದರೆ ಅಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ.

ಇಲ್ಲಿ ನೀರು ಬರುತ್ತದೆಯೇ ಎಂದು ಮನೆ ಮಾಲೀಕರನ್ನು ಕೇಳಿ ಉಪಯೋಗವಿಲ್ಲ, ‘ಇಲ್ಲ’ ಎಂಬುದು ಬಾಯಿಪಾಠ. ಎದುರು ಮನೆಯವರನ್ನು, ಮೂಲೆಯ ಅಂಗಡಿಯವರನ್ನು ಕೇಳಬೇಕು, ಕೇಳುವ ರೀತಿಯೂ ಬೇರೆ: “2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? 2021ರಲ್ಲಿ?” ಬಂದಿದ್ದರೆ ಕೈಯನ್ನೇ ಮೊಣಕಾಲಿನ ಮಟ್ಟಕ್ಕೆ ಹಿಡಿದು ತೋರಿಸುತ್ತಾರೆ. ಆ ಎರಡೂ ವರ್ಷ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು ಮುಳುಗಿದ್ದವು. ಪೇಟೆಯ ತಗ್ಗುಗಳಿಗೆ ಬೇರೆಯದೇ ಕಾಟವಿದೆ: ಅಮಾವಾಸ್ಯೆ, ಹುಣ್ಣಿಮೆ ಸುತ್ತಿನ ದೊಡ್ಡ ಉಬ್ಬರಕ್ಕೆ ಜೋರು ಮಳೆ ಜೊತೆಯಾದರೆ ಗಟಾರದ ನೀರಿಗೆ ಹೋಗಲು ಜಾಗವಿಲ್ಲ, ಹಿಂದಕ್ಕೆ ಬರುತ್ತದೆ. ಹಿಂದೆ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಾಗಿದ್ದ ಜಾಗಕ್ಕೆ ಮಣ್ಣು ತುಂಬಿ ಕಟ್ಟಿದ ಮನೆಗಳಲ್ಲಿ ಇದು ಮೊದಲು ಕಾಣುತ್ತದೆ. ಮೊದಲ ಮನೆ ಅಂಥದ್ದೇ. ಜಗಲಿ ರಸ್ತೆಗಿಂತ ಒಂದೇ ಮೆಟ್ಟಿಲು ಮೇಲೆ.

ಎರಡನೆಯ ಮನೆಗೆ ಐದು ಮೆಟ್ಟಿಲು, ಒಂದೊಂದು ಆರಿಂಚು. ನೆಲ ರಸ್ತೆಯಿಂದ ಎರಡೂವರೆ ಅಡಿ ಮೇಲೆ. ಅಜ್ಜಿಯ ಮಂಡಿಗೆ ಐದು ಮೆಟ್ಟಿಲೂ ಹೆಚ್ಚೇ. ಎರಡೂ ಬದಿಗೆ ಸ್ಟೇನ್‌ಲೆಸ್ ಹಿಡಿಕೆ ಹಾಕಿಸಿಕೊಡುವುದೆಂದು ಮಾಲೀಕರ ಜೊತೆ ಮಾತಾಯಿತು. ಮಹಡಿಯ ಮೇಲಿನ ಮನೆ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು, ನೀರಿನ ಭಯವೂ ಇಲ್ಲ. ಆದರೆ ಮಂಡಿ ನೋವಿನವರನ್ನು ಮಹಡಿ ಹತ್ತಿಸಿದರೆ ಅವರು ಇಳಿಯುವುದು ಆಸ್ಪತ್ರೆಗೆ ಹೋಗುವಾಗ ಮಾತ್ರ.

ನೀರಿನ ಪರೀಕ್ಷೆ ಎರಡು ಬಾರಿ ಆಗಬೇಕು, ಎರಡನೆಯದು ಏಪ್ರಿಲ್ ಕೊನೆಗೆ ಅಥವಾ ಮೇ ತಿಂಗಳಲ್ಲಿ. ಫೆಬ್ರುವರಿಯಲ್ಲಿ ಬಾವಿಯಲ್ಲಿ ಇನ್ನೂ ಮಳೆಗಾಲದ ಸಿಹಿನೀರಿನ ಒತ್ತಡ ಇರುತ್ತದೆ. ಬೇಸಿಗೆಯಲ್ಲಿ ಮಟ್ಟ ಇಳಿದಂತೆ ಸಮುದ್ರದ, ಹೊಳೆಬಾಯಿಯ ಉಪ್ಪುನೀರು ಒಳಗೆ ನುಗ್ಗುತ್ತದೆ. ಮೊದಲ ಮನೆಯ ಬಾವಿಯಲ್ಲಿ ಕೈಮೀಟರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಮಾರ್ಚ್‌ನಲ್ಲಿ 320 ತೋರಿಸಿದ್ದು ಮೇ ಎರಡನೆಯ ವಾರ 1,150ಕ್ಕೆ ಏರಿತು. ಎರಡನೆಯ ಮನೆಯದು 410. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಪ್ಪುವ ಮಿತಿ; ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು. ಕ್ಲೋರೈಡಿಗೆ ಈ ಎರಡು ಮಿತಿ 250 ಮತ್ತು 1,000.

ಮೇ ತಿಂಗಳ ಮೀಟರಿಗಿಂತ ಮೊದಲೇ ಅಜ್ಜಿ ತೀರ್ಪು ಕೊಟ್ಟಿದ್ದರು. ಎರಡೂ ಬಾವಿಯ ನೀರನ್ನು ಬಾಟಲಿಯಲ್ಲಿ ಒಯ್ದು, ನೂರು ಗ್ರಾಂ ತೊಗರಿಬೇಳೆಗೆ ನಾಲ್ಕು ಲೋಟ ನೀರಿನಂತೆ ಒಂದೇ ಕುಕ್ಕರಿನಲ್ಲಿ ಒಂದಾದ ಮೇಲೊಂದು, ನಾಲ್ಕು ನಾಲ್ಕು ಕೂಗು ಕೂಗಿಸಿದರು. ಮೊದಲ ಮನೆಯ ನೀರಲ್ಲಿ ಬೇಳೆ ಕಾಳುಕಾಳಾಗಿಯೇ ಉಳಿಯಿತು. “ಕೂಸೆ, ಈ ನೀರಿಗೆ ಬೇಳೆ ಬೇಯ್ತಿಲ್ಲೆ” ಎಂದರು ಸೊಸೆಗೆ. ಅಷ್ಟೇ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಜೀವಕೋಶದ ಗೋಡೆಯಲ್ಲಿರುವ ಪೆಕ್ಟಿನ್ ಜೊತೆ ಬೆಸೆದುಕೊಂಡು ಅದು ಬಿಚ್ಚದಂತೆ ಮಾಡುತ್ತವೆ. ಇದೇ ನೀರಿನಲ್ಲಿ ಸೋಪು ನೊರೆ ಕೊಡುವುದಿಲ್ಲ, ಗೀಸರಿನ ಕಾಯಿಲ್ ಬಿಳಿ ಕಟ್ಟುತ್ತದೆ.

ಕುಡಿಯಲು ನೆಚ್ಚಬೇಕಾದದ್ದು ನಗರಸಭೆಯ ನಲ್ಲಿ. ಕಾರವಾರದ ನಲ್ಲಿಗೆ ನೀರು ಅಂಕೋಲಾ ತಾಲೂಕಿನ ಗಂಗಾವಳಿ ಹೊಳೆಯಿಂದ ಬರುತ್ತದೆ. ದೂರದ ಕೊಳವೆ, ಪಂಪಿಗೆ ಕರೆಂಟು ಹೋದರೂ ಕೊಳವೆ ಒಡೆದರೂ ಪೇಟೆಯಲ್ಲಿ ನಲ್ಲಿ ಒಣಗುತ್ತದೆ. ಹಾಗಾಗಿ ‘ನಲ್ಲಿ ಇದೆಯೇ’ ಎಂಬಷ್ಟೇ ಪ್ರಶ್ನೆ ಸಾಲದು, ಸಂಪ್ ಎಷ್ಟು ದೊಡ್ಡದು ಎಂದು ಕೇಳಬೇಕು. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ವರಿಗೆ 540, ಮೂರು ದಿನಕ್ಕೆ 1,620. ಎರಡನೆಯ ಮನೆಯ ಸಂಪ್ 2,000 ಲೀಟರಿನದು.

ನಾಲ್ವರು ಏಕೆ, ಐವರಲ್ಲವೇ?

ಮಗನನ್ನು ಶಿರಸಿಯಲ್ಲೇ ಬಿಟ್ಟರು. ಈ ತೀರ್ಮಾನಕ್ಕೆ ಮನೆಯಲ್ಲಿ ಕಣ್ಣೀರೂ ಆಯಿತು, ಆದರೆ ತಪ್ಪಲ್ಲ. ಪ್ರಥಮ ಮತ್ತು ದ್ವಿತೀಯ ಪಿಯು ನಡುವೆ ಕಾಲೇಜು ಬದಲಿಸಲು ಇಲಾಖೆಯ ಅನುಮತಿ ಬೇಕು, ಹೊಸ ಕಾಲೇಜಿನಲ್ಲಿ ಅದೇ ವಿಷಯಗಳ ಜೋಡಣೆ, ಅದೇ ಭಾಷೆ, ಖಾಲಿ ಸೀಟು ಎಲ್ಲ ಕೂಡಿಬರಬೇಕು. ಕೂಡಿಬಂದರೂ ಜೂನ್, ಜುಲೈ ಎರಡು ತಿಂಗಳು ಹೊಂದಿಕೊಳ್ಳುವುದರಲ್ಲೇ ಹೋಗುತ್ತದೆ. ಸೋದರಮಾವನ ಮನೆಯಲ್ಲಿ ಹತ್ತು ತಿಂಗಳು, ಊಟ ತಿಂಡಿಗೆ ತಿಂಗಳಿಗೆ ಒಂದಿಷ್ಟು ಕೊಡುವ ಒಪ್ಪಂದ. ಎಲ್ಲರೂ ಒಂದೇ ದಿನ ಒಂದೇ ಟೆಂಪೊದಲ್ಲಿ ಹೊರಡಬೇಕೆಂಬ ಹಟ ಹಿಡಿದು ಹುಡುಗರ ಒಂದು ವರ್ಷ ಕೆಡಿಸುವುದನ್ನು ವರ್ಗಾವಣೆಯ ಮನೆಗಳಲ್ಲಿ ನೋಡುತ್ತಲೇ ಇರುತ್ತೇವೆ.

ಮಗಳಿಗೆ ಅರಗಾದ ಕೇಂದ್ರೀಯ ವಿದ್ಯಾಲಯ ಎಂದು ಗಂಡನ ಮನಸ್ಸಿನಲ್ಲಿತ್ತು. ನೌಕಾನೆಲೆಯಲ್ಲಿ ಕೆಲಸ, ಸೀಟು ಸಿಕ್ಕೀತು ಎಂದು. ಅಲ್ಲಿನ ಆದ್ಯತೆಯಲ್ಲಿ ಕೇಂದ್ರ ನೌಕರರ ಮಕ್ಕಳು ಮೊದಲು, ರಾಜ್ಯ ಸರ್ಕಾರಿ ನೌಕರರದು ಮೂರನೆಯ ವರ್ಗ, ಗುತ್ತಿಗೆದಾರರ ಕೈಕೆಳಗಿನವರು ಕೊನೆಗೆ. ಎರಡನೆಯ ತರಗತಿಯಿಂದ ಮೇಲೆ ಸೀಟು ಖಾಲಿ ಇದ್ದರೆ ಮಾತ್ರ ಪ್ರವೇಶ. ಶಾಲೆ ಸಿಗುತ್ತದೆಂದು ಮನೆ ಹಿಡಿಯಬಾರದು. ಸೀಟು ಕೈಗೆ ಬಂದ ಮೇಲೆ ಬೇಕಾದರೆ ಮನೆ ಬದಲಿಸಬಹುದು. ಮಗಳು ಪೇಟೆಯ ಕನ್ನಡ ಶಾಲೆಗೆ ಸೇರಿದಳು. ಹಳೆಯ ಶಾಲೆಯಿಂದ ವರ್ಗಾವಣೆ ಪ್ರಮಾಣಪತ್ರ, ವಿದ್ಯಾರ್ಥಿಯನ್ನು ಗುರುತಿಸುವ ಎಸ್‌ಎಟಿಎಸ್ ಸಂಖ್ಯೆ ಎರಡನ್ನೂ ತರಬೇಕು. ಪಾಠ ಕನ್ನಡದಲ್ಲಿ, ಆಟದ ಮೈದಾನದಲ್ಲಿ ಕೊಂಕಣಿ. ಮಕ್ಕಳಿಗೆ ಅದು ಎರಡು ತಿಂಗಳ ಮಾತು.

ಕರಾರು ಪತ್ರ

11 ತಿಂಗಳ ಕರಾರು, 60,000 ಡಿಪಾಸಿಟ್. ಹನ್ನೊಂದೇ ಏಕೆಂದರೆ ವರ್ಷ ಮೀರಿದ ಗೇಣಿಯನ್ನು ನೋಂದಣಿ ಮಾಡಿಸಬೇಕಾಗುತ್ತದೆ. ಕರಾವಳಿಯ ಕರಾರಿಗೆ ಮೂರು ಸಾಲು ಹೆಚ್ಚಿಗೆ ಬೇಕು: ತಾರಸಿ ಅಥವಾ ಪಶ್ಚಿಮದ ಗೋಡೆ ಸೋರಿದರೆ ಎಷ್ಟು ದಿನದಲ್ಲಿ ಯಾರು ಸರಿಮಾಡಿಸಬೇಕು, ಬಾವಿ ಉಪ್ಪಾದ ತಿಂಗಳಲ್ಲಿ ಟ್ಯಾಂಕರಿನ ಹಣ ಯಾರದು, ಬಿಡುವಾಗ ಬೂಸು ಹಿಡಿದ ಗೋಡೆಯ ಬಣ್ಣಕ್ಕೆ ಡಿಪಾಸಿಟ್ ಹಿಡಿಯಬಾರದು. ಮೂರನೆಯದಕ್ಕೆ ಮಾಲೀಕರು ಸುಲಭಕ್ಕೆ ಒಪ್ಪುವುದಿಲ್ಲ. ಒಳಬರುವ ದಿನವೇ ಪ್ರತಿ ಗೋಡೆಯ ಫೋಟೊ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳುವುದೆಂದು ರಾಜಿಯಾಯಿತು.

ಕರೆಂಟಿನದು ಸಣ್ಣ ಕೆಲಸ, ಮರೆತರೆ ತಲೆನೋವು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಆಧಾರ್ ಹಳೆಯ ಮನೆಯ ಆರ್‌ಆರ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಶಿರಸಿಯ ಮನೆಯದನ್ನು ಮೊದಲು ಬಿಡಿಸಿ, ಆಮೇಲೆ ಹೊಸದಕ್ಕೆ ಸೇರಿಸಬೇಕು. ಮಳೆಗಾಲಕ್ಕೆ ಇನ್ವರ್ಟರ್ ಬೇಕೇ ಬೇಕು: 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್, ಕೈಗೆ ಸಿಗುವುದು 1,100ರಿಂದ 1,200. ಎರಡು ಫ್ಯಾನು, ನಾಲ್ಕು ಎಲ್‌ಇಡಿ, ಒಂದು ರೂಟರ್ ಸೇರಿ 200 ವ್ಯಾಟ್ ಎಂದರೆ ಐದೂವರೆ, ಆರು ಗಂಟೆ. ಅಜ್ಜಿಯ ಇನ್ಸುಲಿನ್ ಇಡುವ ಫ್ರಿಜ್ಜನ್ನು ಅದಕ್ಕೆ ಜೋಡಿಸಲಿಲ್ಲ; ಕರೆಂಟು ಹೋದರೆ ಬಾಗಿಲು ತೆಗೆಯದೆ ಬಿಟ್ಟರೆ ನಾಲ್ಕು ಗಂಟೆ ತಂಪು ನಿಲ್ಲುತ್ತದೆ, ಅದಕ್ಕೂ ಮೀರಿದರೆ ಆಸ್ಪತ್ರೆಯ ಫ್ರಿಜ್ ಇದ್ದೇ ಇದೆ.

ಸಾಮಾನು ಮೇ 25ಕ್ಕೇ ಇಳಿಯಿತು. ಜೂನ್ ಮೊದಲ ವಾರಕ್ಕೆ ಎಂದುಕೊಂಡಿದ್ದರೆ ಹಾಸಿಗೆ, ಪುಸ್ತಕ ಘಟ್ಟದಲ್ಲೇ ನೆನೆಯುತ್ತಿದ್ದವು.

ತಪ್ಪಿದ್ದೆಲ್ಲಿ

ಇಷ್ಟೆಲ್ಲ ಎಣಿಸಿದರೂ ಮೂರು ತಪ್ಪಾದವು. ಶಿರಸಿಯಿಂದ ತಂದ ಹಲಸಿನ ಮರದ ಕಪಾಟನ್ನು ಮಲಗುವ ಕೋಣೆಯ ಪಶ್ಚಿಮ ಗೋಡೆಗೆ ಒತ್ತಿ ಇಟ್ಟರು. ಮಳೆಗಾಳಿ ಹೊಡೆಯುವುದು ನೈರುತ್ಯದಿಂದ. ಆ ಗೋಡೆ ಹೊರಗಿನಿಂದ ಸದಾ ಒದ್ದೆ, ತಣ್ಣಗೆ. ಕಪಾಟಿನ ಹಿಂದೆ ಗಾಳಿಯಾಡದೆ ಜುಲೈ ನಡುವಿಗೆ ಹಿಂಬದಿ ಪೂರ್ತಿ ಬೂಸು, ಅಜ್ಜಿಯ ಪತ್ತಲಗಳ (ಸೀರೆಗಳ) ಮಡಿಕೆಯಲ್ಲಿ ಹಸಿರು ಚುಕ್ಕೆ. ಕಪಾಟನ್ನು ಒಳಗೋಡೆಗೆ ಸರಿಸಿ ಆರಿಂಚು ಸಂದು ಬಿಟ್ಟರು, ಕೆಳಗಿನ ಅರೆಯಲ್ಲಿ ಡಬ್ಬಿಯೊಂದರಲ್ಲಿ ಸುಟ್ಟ ಸುಣ್ಣದ ಕಲ್ಲು ಇಟ್ಟರು. ಮೊದಲೇ ಮಾಡಬಹುದಿತ್ತು. ಪಶ್ಚಿಮದ ಗೋಡೆಗೆ ಹೊರಗಿನಿಂದ ತೆಂಗಿನ ಗರಿಯ ಮಡಲ ತಟ್ಟಿ ಕಟ್ಟುವುದನ್ನು ಪಕ್ಕದ ಮನೆಯವರು ಮೇ ತಿಂಗಳಲ್ಲೇ ಮುಗಿಸಿದ್ದರು. ಅದನ್ನು ನೋಡಿಯೂ ಇವರು ಕೇಳಲಿಲ್ಲ.

ಎರಡನೆಯದು ಗಂಡನದು. ದಾಟು ಎಣಿಸುವಾಗ ಅವರದನ್ನು ಮೂರನೆಯ ಸ್ಥಾನಕ್ಕೆ ತಳ್ಳಿದ್ದು ಸರಿಯೇ, ಆದರೆ ದಾರಿ ಬಂದಾದ ದಿನ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಜುಲೈನಲ್ಲಿ ಒಂದು ಸಂಜೆ ಅರಗಾದ ಹತ್ತಿರ ರಸ್ತೆ ಮೇಲೆ ನೀರು. ಬೈಕು ದಾಟಿಸಲು ಹೋಗಿ ಸೈಲೆನ್ಸರಿಗೆ ನೀರು ನುಗ್ಗಿತು. ಈಗ ಕೆಲಸದ ಕಡೆ ಒಂದು ಜೊತೆ ಬಟ್ಟೆ, ಹೊದಿಕೆ, ಚಾರ್ಜರ್ ಇದೆ. ಬಿಣಗಾದ ಸಹೋದ್ಯೋಗಿಯ ಮನೆಯಲ್ಲಿ ರಾತ್ರಿ ಕಳೆಯುವ ಮಾತಾಗಿದೆ. ಸೊಸೆ ಅದೇ ಸಂಜೆ ಕೊಡೆ ಹಿಡಿದು ನಡೆದೇ ಪಾಳಿಗೆ ಹೋಗಿದ್ದರು.

ಮೂರನೆಯದು ಯಾವ ಹಾಳೆಯಲ್ಲೂ ಇಲ್ಲದ್ದು. ಅಜ್ಜಿಗೆ ಶಿರಸಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಒಬ್ಬರು, ಸಂಜೆ ನಾಲ್ಕಕ್ಕೆ ಇಬ್ಬರು ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಇಲ್ಲಿ ಹಗಲೆಲ್ಲ ಒಬ್ಬರೇ. ಪಕ್ಕದ ಮನೆಯ ಹೆಂಗಸಿಗೆ ಕೊಂಕಣಿ, ಇವರಿಗೆ ಹವ್ಯಕರ ಹವಿಗನ್ನಡ. ಮೊದಲ ತಿಂಗಳು ಕಿಟಕಿಯಲ್ಲೇ ನಗು. ಆಮೇಲೆ ಒಂದು ದಿನ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಆಚೆ ಹೋಯಿತು, ಮುರುಗಲು ಹುಳಿಯ ಸೋಲ್‌ಕಡಿ ಈಚೆ ಬಂತು. ಇದರಿಂದ ಒಂಟಿತನ ಪೂರ್ತಿ ಹೋಯಿತೆಂದಲ್ಲ, ಹಬ್ಬಕ್ಕೆ ಶಿರಸಿಗೆ ಹೋದವರು ಹದಿನೈದು ದಿನ ತಡಮಾಡಿ ಬರುತ್ತಾರೆ. ಸದಾಶಿವಗಡದ ತೆಂಗಿನಮರಗಳ ಮನೆಯ ಮಾತು ಈಗಲೂ ಎತ್ತುತ್ತಾರೆ. ವಯಸ್ಸಾದವರನ್ನು ಕರೆದುಕೊಂಡು ಬರುವವರು ಮನೆ ಗೊತ್ತುಮಾಡುವ ಮೊದಲು ಅವರನ್ನು ಆ ಜಗಲಿಯಲ್ಲಿ ಒಂದು ಇಡೀ ಮಧ್ಯಾಹ್ನ ಕೂರಿಸಿ ನೋಡಬೇಕು.

ಮನೆಯವರು ಬೇರೆಯಾದರೆ ಉತ್ತರವೂ ಬೇರೆ. ದುಡಿಯುವವರು ಒಬ್ಬರೇ, ಕೆಲಸ ಅರಗಾದಲ್ಲಿ, ಮನೆಯಲ್ಲಿ ರೋಗಿಗಳಿಲ್ಲ ಎಂದರೆ ಅಮದಳ್ಳಿಯೇ ಸರಿ. ಕೈಗಾ ಅಣುಸ್ಥಾವರದ ಕೆಲಸವಾದರೆ ಕಾರವಾರದಲ್ಲಿ ಮನೆ ಹಿಡಿದು ದಿನಾ ಓಡಾಡುವುದಕ್ಕಿಂತ ಮಲ್ಲಾಪುರದ ಕಡೆ ನೋಡಬೇಕು. ಆದರೆ ಅಲ್ಲಿ ಹೊಳೆದಂಡೆಯ ತಗ್ಗು ಯಾವುದು, 2019ರ ನೀರಿನ ಗುರುತು ಎಲ್ಲಿದೆ ಎಂದು ತಿಳಿಯದೆ ಮುಂಗಡ ಕೊಡಬಾರದು. ಮನೆ ಕೊಳ್ಳುವ ಯೋಚನೆಯಿದ್ದವರು ಕನಿಷ್ಠ ಒಂದು ಪೂರ್ತಿ ಮಳೆಗಾಲ ಬಾಡಿಗೆಗೇ ಇರಲಿ. ಆಮೇಲೆ ಕರಾವಳಿ ನಿಯಂತ್ರಣ ವಲಯದ ಗೆರೆ, ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಋಣಭಾರ ಪ್ರಮಾಣಪತ್ರ ನೋಡುವ ಕೆಲಸ.

ಈ ಮನೆಯ ಕರಾರು ಏಪ್ರಿಲ್ ಕೊನೆಗೆ ಮುಗಿಯುತ್ತದೆ. ನವೀಕರಿಸುವ ಮೊದಲು ಬಾವಿ ನೀರನ್ನು ಮತ್ತೊಮ್ಮೆ ಅಳೆಯಬೇಕು. ದ್ವಿತೀಯ ಪಿಯು ಮುಗಿಸಿದ ಮಗ ಮನೆಗೆ ಬಂದರೆ ಮೂರು ದಿನದ ನೀರು 2,025 ಲೀಟರ್ ಬೇಕಾಗುತ್ತದೆ, ಸಂಪ್ 25 ಲೀಟರ್ ಚಿಕ್ಕದು. ಪಶ್ಚಿಮದ ಗೋಡೆಗೆ ಶೀಟ್ ಇಳಿಸಿಕೊಡಲು ಮಾಲೀಕರು ಒಪ್ಪಿದ್ದಾರೆ, ಬಾಡಿಗೆ 500 ಏರಿಸುವ ಷರತ್ತಿನ ಮೇಲೆ. ಸೊಸೆ 300 ಎನ್ನುತ್ತಿದ್ದಾರೆ.